ಕರಿಬಟ್ಟೆಯೊಳಗಿನ ಕುಡಿ

ಜೂನ್ 4, ಬೆಳಿಗ್ಗೆ 10
ಒಂಬತ್ತು ಎಲೆ ಕೊಯ್ದೆ. ಬ್ಲೇಡು ಮೊಂಡು, ನಾಲ್ಕು ಹರಿದವು. ಉಳಿದ ಐದು ಮೈಕ್ರೋಸ್ಕೋಪಿನಡಿ. ಮೇಲಿನ ಪೊರೆಯ ಕೆಳಗೆ ಕಂಬದಂಥ ಕೋಶಗಳು, ಎರಡು ಸಾಲು. ಅದರಡಿ ಗಾಳಿಯಾಡುವ ಸಡಿಲ ಪದರ. ಆರು ವರ್ಷದಿಂದ ಇದೇ. ನೆರಳಿನ ಎಲೆಗೆ ಕಂಬ ಒಂದೇ ಸಾಲು, ಬಿಸಿಲಿನದಕ್ಕೆ ಎರಡು. ಕುಡಿಗೆ ಕರಿಬಟ್ಟೆ ಕಟ್ಟಿ ಕತ್ತಲಲ್ಲಿ ಬೆಳೆಸಿದರೂ ನನಗೆ ಎರಡೇ ಬರುತ್ತಿದೆ. ಕೆಳಗಿನ ಬಲಿತ ಎಲೆಗಳು ಬಿಸಿಲು ಕಂಡು ಕುಡಿಗೆ ಸುದ್ದಿ ಮುಟ್ಟಿಸುತ್ತವೆ — ನನ್ನ ಗೈಡ್ ಮೇಷ್ಟ್ರ ವಾದ. ಮೂವತ್ತು ವರ್ಷ ಎಲ್ಲರೂ ನಕ್ಕ ವಾದ. ಲೇಖನ ಒಪ್ಪಿಗೆಯಾಗಿದೆ. ಆಗಸ್ಟಿನಲ್ಲಿ ಅಚ್ಚು.

ಸಂಜೆ
ಮೇಷ್ಟ್ರ ಮನೆ. ಲಕ್ವ ಹೊಡೆದು ಐದು ತಿಂಗಳು. ಮಾತು ಅರ್ಧಂಬರ್ಧ.
"ಅಚ್... ಅಚ್ಚು?"
"ಇನ್ನೆರಡು ತಿಂಗಳು ಸಾರ್."
ಅವರ ಹೆಂಡತಿ, ನಮಗೆಲ್ಲ ಅಮ್ಮ, ಅವರ ಗಲ್ಲ ಒರೆಸುತ್ತ, "ಅದೊಂದೇ ಜಪ ಕಣಮ್ಮ. ಹೆತ್ತ ಮಗಳು ಫೋನ್ ಮಾಡಿದ್ರೂ ಹೀಗೆ ಕಿವಿ ನಿಮಿರಲ್ಲ."

ಜೂನ್ 11
ಕರಿಬಟ್ಟೆ ಒಗೆದು ಕಿಟಕಿಗೆ ಹರವಿದೆ. ಬಟ್ಟೆಯ ಆಚೆ ರಸ್ತೆ ಕಂಡಿತು. ಬಸ್ಸು ಹೋದದ್ದೂ ಕಂಡಿತು. ಒಗೆದೊಗೆದು ಜಾಳಾಗಿದೆ... ಲೈಟ್ ಮೀಟರ್ ಒಳಗಿಟ್ಟೆ. ಸೊನ್ನೆ ಬರಬೇಕು. ಬರಲಿಲ್ಲ. ಕುಡಿ ಕತ್ತಲಲ್ಲಿ ಇರಲೇ ಇಲ್ಲ. ಬಟ್ಟೆ ಹೊಸದಿದ್ದಾಗ ಒಮ್ಮೆ ಅಳೆದದ್ದು. ಆಮೇಲೆ ಅಳೆಯಲೇ ಇಲ್ಲ, ನಾನೇ.

ಜೂನ್ 12
ಪಕ್ಕದ ಮೇಜಿನ ಗುಂಗುರನಿಗೆ ಹೇಳಿದೆ. (ಕೂದಲು ನೋಡಿ ಇಟ್ಟ ಹೆಸರು.)
"ಯಾರಿಗೆ ಗೊತ್ತಿದು?"
"ನಂಗೆ."
"ಸರಿ, ಹಾಗಾದ್ರೆ ನೀನೊಬ್ಬಳು ಬಾಯಿ ಮುಚ್ಕೊಂಡ್ರೆ ಸಾಕು! ತಲೆ ಮೇಲೆ ಚಪ್ಪಡಿ ಯಾಕೆ ಎಳ್ಕೋತೀಯ?"
ಕೊಡೆಯ ಬಟ್ಟೆ ಎರಡು ಪದರ ಹೊಲಿದೆ. ಮೀಟರ್ ಸೊನ್ನೆ. ಹನ್ನೆರಡು ಗಿಡಕ್ಕೆ ಕಟ್ಟಿದೆ.

ಜುಲೈ 9
ಕೊಯ್ದೆ. ಒಂದು ಸಾಲು. ಒಂದು. ಒಂದು. ಹನ್ನೆರಡರಲ್ಲೂ ಒಂದೇ. ಈ ಗಿಡದಲ್ಲಂತೂ ಯಾವ ಬಲಿತ ಎಲೆಯೂ ಏನನ್ನೂ ಹೇಳಿ ಕಳಿಸಿಲ್ಲ. ತೊಳೆದಿಟ್ಟ ಗಾಜುಗಳನ್ನು ಮತ್ತೆ ತೊಳೆದೆ.

ಜುಲೈ 10
ಲೇಖನ ವಾಪಸ್ ಪಡೆಯುತ್ತೇನೆಂದು ಪತ್ರಿಕೆಗೆ ಬರೆದೆ. ಮೇಷ್ಟ್ರ ಹೆಸರೂ ಅದರಲ್ಲಿತ್ತು. ಅವರನ್ನು ಕೇಳಲಿಲ್ಲ. ವಿಭಾಗದ ಮುಖ್ಯಸ್ಥೆ ಕರೆಸಿ, ಲೇಖನವಿಲ್ಲದ ಮೇಲೆ ಆಗಸ್ಟಿನಲ್ಲಿ ಗಿಡದ ಕೋಣೆ ಖಾಲಿ ಮಾಡಿ ಎಂದರು. ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು.

ಜುಲೈ 13
ಹೇಳಲು ಹೋದೆ. ಅಮ್ಮ ಬಾಗಿಲಲ್ಲೇ ಕೈ ಹಿಡಿದರು.
"ನಿನ್ನ ಮುಖ ನೋಡಿದ್ರೇ ಗೊತ್ತಾಗುತ್ತೆ. ಬೇಡಮ್ಮ. ಅವರ ಹತ್ರ ಉಳಿದಿರೋದು ಅದೊಂದೇ."
"ಸುಳ್ಳು ಹೇಳ್ಲಾ?"
"ಸುಮ್ನಿರು ಅಂದೆ, ಅಷ್ಟೇ."
ಸುಮ್ಮನಿರಲಾಗಲಿಲ್ಲ. ಮಂಚದ ಪಕ್ಕ ಕೂತು ಎಲ್ಲ ಹೇಳಿದೆ. "ಒಂದೇ ಸಾಲು ಸಾರ್. ತಪ್ಪು ನಂದು."
ಪೂರ್ತಿ ಕೇಳಿಸಿಕೊಂಡರು. ಆಮೇಲೆ ಆಡುವ ಕೈ ಎತ್ತಿ ಎರಡು ಬೆರಳು ತೋರಿಸಿದರು, ಉತ್ತರಪತ್ರಿಕೆ ತಿದ್ದುವವರಂತೆ.
"ಇಲ್ಲ ಸಾರ್. ಒಂದು."
ಮತ್ತೆ ಎರಡು ಬೆರಳು. ಕೈ ಇಳಿಸಲಿಲ್ಲ. ಅಮ್ಮ ನನ್ನ ಕಡೆ ನೋಡಲಿಲ್ಲ.

ಆಗಸ್ಟ್ 2
ಅಮ್ಮನ ಫೋನ್. ಮೇಷ್ಟ್ರು ಗೋಡೆ ಕಡೆ ತಿರುಗಿ ಮಲಗಿದ್ದಾರಂತೆ. ಮಾತಿಲ್ಲ, ಊಟವಿಲ್ಲ. "ನೀನು ಮಾಡಿದ್ದು ತಪ್ಪು ಅನ್ನಲ್ಲ ಕಣಮ್ಮ. ಆದ್ರೆ ಸದ್ಯಕ್ಕೆ ಬರ್ಬೇಡ." ಸದ್ಯಕ್ಕೆ ಎಂದರೆ ಎಷ್ಟು ದಿನ? ಕೇಳಲಿಲ್ಲ. ಅವರಿಗೆ ಅಷ್ಟು ದಿನ ಇದೆಯೇ ಎಂದೂ...

ಆಗಸ್ಟ್ 5, ಮಧ್ಯಾಹ್ನ
ಗಿಡದ ಕೋಣೆ ಖಾಲಿ ಮಾಡುತ್ತಿದ್ದೇನೆ. ಏಳು ಕಿತ್ತೆ. ಎಂಟನೆಯದಕ್ಕೆ ಕೈ ಹಾಕಿದಾಗ ಫೋನ್ — ಅಮ್ಮನ ನಂಬರು. ಕೈಯೆಲ್ಲ ಮಣ್ಣು, ಎತ್ತಲಿಲ್ಲ. ಮಣ್ಣೊಂದು ನೆಪ. ಮತ್ತೆ ಬಂತು. ಎತ್ತಬಾರದೆಂದೇ ಇದನ್ನು ಬರೆಯುತ್ತ ಕೂತಿದ್ದೇನೆ. ನಿಂತಿತು. ಈಗ ಗುಂಗುರ ಬಾಗಿಲಲ್ಲಿ ಬಂದು ನಿಂತಿದ್ದಾನೆ, ಅವನ ಕೈಯಲ್ಲೂ ಫೋನ್, ಅಮ್ಮನದೇ ಇರಬೇಕು, ಏನೋ ಹೇಳಲು...