ನೀನು ಶಾಲೆ ಬಿಡಿಸಿದ ಬಗೆ

ಅಪ್ಪಾ,

ನೀನು ಸತ್ತು ವರ್ಷವಾದ ಮೇಲೂ ನಿನ್ನ ಮೇಲೆ ಇಷ್ಟು ಸಿಟ್ಟು ಬರುತ್ತದೆಂದು ತಿಳಿದಿರಲಿಲ್ಲ.

ಸಿರಿಗೆರೆ ಹಾಸ್ಟೆಲಿನಿಂದ ರಜಕ್ಕೆ ಬಂದಿರುವ ತಮ್ಮ ಕಾಟಲಿಂಗ ಇವತ್ತು ಜಗಲಿಯಲ್ಲಿ ಕೂತು ಇಂಗ್ಲಿಷ್ ಪಾಠ ಒಪ್ಪಿಸುತ್ತಿದ್ದ. ನಾವು 'ಮಾಡಿಸಿದ' ಎಂದು ಮುಗಿಸುವುದಕ್ಕೆ ಅವರಲ್ಲಿ ಬೇರೆ ಬೇರೆ ಮಾತುಗಳಂತೆ. ಬಲವಂತ ಮಾಡಿದರೆ ಮೇಕ್, ಪುಸಲಾಯಿಸಿದರೆ ಗೆಟ್, ಕೆಲಸದವರಿಗೆ ಹೇಳಿ ಮಾಡಿಸಿದರೆ ಹ್ಯಾವ್, ಅವರಿಷ್ಟಕ್ಕೆ ಬಿಟ್ಟರೆ ಲೆಟ್. ಉದಾಹರಣೆಗೆ ಅವನು ನನ್ನನ್ನೇ ಹಿಡಿದ. ಅಕ್ಕ ಶಾಲೆ ಬಿಡುತ್ತೇನೆಂದಾಗ ಅಪ್ಪ ಒಪ್ಪಿದ ಎಂದು ಲೆಟ್ ಹಾಕಿ ಹೇಳಿದ.

"ಲೇ, ಲೆಟ್ ಯಾಕೋ? ಮೇಕ್ ಹಾಕು" ಎಂದೆ.

"ಅಪ್ಪ ಏನು ನಿನ್ನ ಹೊಡದ್ನಾ? ನೀನೇ ಒಲ್ಲೆ ಅಂದೆ ಅಂತ ಹಟ್ಟಿಗೆಲ್ಲ ಹೇಳ್ತಿದ್ದ."

"ಸತ್ತೋರ ಮೇಲೆ ಎಂಥ ಜಗಳನೇ ಜುಂಜಿ?" ಎಂದು ಅವ್ವ ಒಳಗಿನಿಂದ ಕೂಗಿದಳು.

ಹಟ್ಟಿಗೆಲ್ಲ ಹಾಗೆ ಹೇಳಿದೆಯಾ ಅಪ್ಪಾ? ನಾಲ್ಕನೆಯ ಕ್ಲಾಸು ಮುಗಿದಾಗ ತಾಯಿ ಸತ್ತ ಕುರಿಮರಿಯೊಂದನ್ನು ನನ್ನ ಮಡಿಲಿಗೆ ಹಾಕಿ, "ಇದು ನಿಂದೇ ಕಣವ್ವ. ನೀನು ಶಾಲೆಗೋದ್ರೆ ಇದಕ್ಕೆ ಹಾಲು ಕುಡಿಸೋರು ಯಾರು?" ಎಂದದ್ದು ನೀನು. ನಾನು ಹಿಗ್ಗಿ ಹಿಗ್ಗಿ ಕುಡಿಸಿದೆ. ಅದು ಬಲಿತ ಮೇಲೆ ನನ್ನನ್ನು ಕೇಳದೆ ಹಿರಿಯೂರು ಸಂತೆಗೆ ಹೊಡೆದುಕೊಂಡು ಹೋದೆ. ಅಷ್ಟರಲ್ಲಿ ಶಾಲೆಯಲ್ಲಿ ನನ್ನ ಹೆಸರು ಹೊಡೆದುಹಾಕಿದ್ದರು.

ಇದಕ್ಕೆ ಗೆಟ್ ಸರಿಯಾದ ಮಾತೆಂದು ನನಗೂ ಗೊತ್ತು. ಆದರೂ ಮರಿಯ ವಿಷಯ ತಮ್ಮನಿಗೆ ಹೇಳದೆ, ಹಠ ಹಿಡಿದು ಅವನ ಬಾಯಲ್ಲಿ ಮೇಕ್ ಎಂದೇ ಹೇಳಿಸಿದೆ. ನೀನು ಹೊಡೆದಿದ್ದರೆ ಅತ್ತು ಹಟ್ಟಿಯನ್ನೆಲ್ಲ ಸೇರಿಸುತ್ತಿದ್ದೆ ಅಪ್ಪಾ. ನೀನು ನನ್ನನ್ನು ನಗಿಸಿ ಬಿಡಿಸಿದೆ.

ಜುಂಜಮ್ಮ