ಸೆಕೆಂಡಿಗೆ ಏಳೂವರೆ ಚಿತ್ರ

ಜೂನ್ ೧೧, ಬುಧವಾರ

ಸಮಸ್ತ ಹೃದಯಗಳ ಹಿತರಕ್ಷಕನೂ, ಎಕ್ಸ್-ರೇ ಕಿರಣಗಳ ದರ್ಪದಮನನೂ, ಆಂಜಿಯೋಗ್ರಾಮ್ ಕೋಣೆಯ ಕಿರಿಯ ಟೆಕ್ನಿಷಿಯನ್ನನೂ ಆದ ಶ್ರೀಮಾನ್ ನನ್ನ ಪಾದಾರವಿಂದಗಳಲ್ಲಿ ನನ್ನದೇ ಬಿನ್ನಹ: ಇವತ್ತು ಮಾಡಿದ ಕಳ್ಳಕೆಲಸವನ್ನು ಬರೆದಿಡು.

ಬೆಳಿಗ್ಗೆ ಎದೆನೋವೆಂದು ಬಂದು ಟೇಬಲ್ ಮೇಲೆ ಮಲಗಿದ್ದ ರೋಗಿ, ಬಟ್ಟೆ ಹೊಲಿಯುವ ಕೆಲಸದ ಹೊಲಿಗೆಯಮ್ಮ, ನನ್ನ ಕೈ ಹಿಡಿದು, "ಈ ಕಿರಣ ಮೈ ಸುಡಲ್ವೇನೋ ಮಗಾ?" ಎಂದರು.

"ನಾನಿರೋವಾಗ ಅದಕ್ಕೆಲ್ಲಿ ಧೈರ್ಯ ಅಮ್ಮಾ!" ಎಂದೆ.

ಡಾಕ್ಟರ್ ಕೈ ತೊಳೆದು ಬರುವಷ್ಟರಲ್ಲಿ, ಸೆಕೆಂಡಿಗೆ ಹದಿನೈದು ಚಿತ್ರ ತೆಗೆಯುವ ಯಂತ್ರವನ್ನು ಯಾರಿಗೂ ಹೇಳದೆ ಏಳೂವರೆಗೆ ಇಳಿಸಿದೆ. ಕಿರಣ ಸುಮಾರು ಅರ್ಧಕ್ಕೆ ಇಳಿಯಿತು. ಡಾಕ್ಟರಿಗೆ ಗೊತ್ತೇ ಆಗಲಿಲ್ಲ! "ಇವತ್ತು ಚಿತ್ರ ಚೆನ್ನಾಗಿದೆ ಕಣೋ" ಅಂತ ಬೇರೆ ಹೇಳಿದರು. ಮಾಸ್ಕಿನೊಳಗೇ ತುಟಿ ಕಚ್ಚಿ ನಗು ತಡೆದುಕೊಂಡೆ.

ಊಟದ ಹೊತ್ತಿಗೆ ಆ ನಗು ಇಂಗಿತು. ರಕ್ತನಾಳಗಳಲ್ಲಿ ಅಡಚಣೆಯಿಲ್ಲ ಎಂದು ವರದಿಯಾಗಿದೆ. ನಾಳೆ ಹತ್ತಕ್ಕೆ ಆಕೆ ಮನೆಗೆ. ಎದೆನೋವು ಮಾತ್ರ ಇನ್ನೂ ಇದೆಯಂತೆ. ನಾನು ತಪ್ಪಿಸಿದ ಚಿತ್ರಗಳಲ್ಲೇ ಏನಾದರೂ ಕಾಣಬೇಕಿದ್ದರೆ? ಏಳೂವರೆ ಸಾಕೆಂದು ಎಷ್ಟೋ ಕಡೆ ಹಾಗೇ ಮಾಡುತ್ತಾರೆ, ನಿಜ. ಆದರೆ ಅವರು ಡಾಕ್ಟರಿಗೆ ಹೇಳಿ ಮಾಡುತ್ತಾರೆ.

ಹಿರಿಯ ನರ್ಸಕ್ಕನ ಹತ್ತಿರ ಬಾಯಿಬಿಟ್ಟೆ. "ಅಯ್ಯೋ ಪ್ರಾಣಿ! ಒಳ್ಳೇ ಕೆಲಸಾನೂ ಕಳ್ಳನ ಥರ ಮಾಡ್ತೀಯಲ್ಲೋ! ಆಯಮ್ಮ ಹೊರಡೋಕ್ಮುಂಚೆ ಡಾಕ್ಟರಿಗೆ ಹೇಳು, ಇನ್ನೊಂದ್ಸಲ ನೋಡ್ಲಿ."

ಹೇಳುತ್ತೇನೆ. 'ಅಮ್ಮನ ಮೈಗೆ ಕಿರಣ ಕಡಿಮೆ ಬೀಳಲೀಂತ ಮಾಡಿದೆ ಸರ್' ಎಂದು ಕನ್ನಡಿಯ ಮುಂದೆ ಆರು ಸಲ ಹೇಳಿ ನೋಡಿದೆ, ಕಣ್ಣಲ್ಲಿ ನೀರು ಬರುವ ಹಾಗೆ.

ನಿಜ ಹೇಳಲಾ? ಯಂತ್ರವನ್ನು ಏಳೂವರೆಗೆ ಇಳಿಸುವಾಗ ನನಗೆ ಹೊಲಿಗೆಯಮ್ಮನ ನೆನಪೇ ಇರಲಿಲ್ಲ. ಮೊನ್ನೆ ಎಲ್ಲರೆದುರು ನನ್ನನ್ನು ಕೋತಿ ಎಂದ ಡಾಕ್ಟರಿಗೆ ಕಣ್ಣು ಸರಿಯಾಗಿ ಕಾಣಿಸುವುದಿಲ್ಲ ಎಂದು ನನಗೆ ನಾನೇ ತೋರಿಸಿಕೊಳ್ಳಬೇಕಿತ್ತು, ಅಷ್ಟೇ.