ಕೊನೆಯ ಸಾಲಿನ ಉಂಗುರಗಳು

ಅಮ್ಮಾನ್,
ಗುರುವಾರ, 14 ನವೆಂಬರ್ 1996

ಪ್ರೀತಿಯ ರುದೈನಾ ಅಕ್ಕಾ,

ಮೊಣಕಾಲು ನೋವು ಹೇಗಿದೆ? ಸಲ್ತ್ ಊರಿನ ಆ ಮೆಟ್ಟಿಲುಗಳನ್ನು ದಿನಕ್ಕೆ ಮೂರು ಸಲ ಹತ್ತಿ ಇಳಿಯಬೇಡ ಎಂದರೆ ನೀನು ಕೇಳುವವಳಲ್ಲ. ನೀನು ಕಳಿಸಿದ ಆಲಿವ್ ಉಪ್ಪಿನಕಾಯಿ ತಲುಪಿತು. ಜೊತೆಗೆ ಒಂದು ಸಾಲು ಬರಹವೂ ಇರಲಿಲ್ಲ. ಕೋಪ ಎಷ್ಟಿದೆ ಎಂದು ಅಲ್ಲೇ ಗೊತ್ತಾಯಿತು. ನನಗೂ ಸಾಕಾಗಿದೆ ಅಕ್ಕಾ. ವಿಮಾನ ಹಾರಿಸುವಾಗ ಇಷ್ಟು ದಣಿದಿರಲಿಲ್ಲ. ಈಗ ಇಡೀ ವಾಯುಪಡೆ ನನ್ನ ಕೈಕೆಳಗಿದೆ, ನೆಟ್ಟಗೆ ನಿದ್ದೆ ಮಾತ್ರ ಇಲ್ಲ.

ಮುತಸಿಮ್‌ನ ವಿಷಯಕ್ಕೆ ಬರುತ್ತೇನೆ. ಪೈಲಟ್ ಆಯ್ಕೆಯ ಕಣ್ಣಿನ ಪರೀಕ್ಷೆಯಲ್ಲಿ ನಿನ್ನ ಮಗ ಕೊನೆಯ ಸಾಲು ಕಾಣದೆ ನಪಾಸಾದ. ಹೋದ ತಿಂಗಳು ನೀನು ನನ್ನ ಕಚೇರಿಗೇ ಬಂದು, ಕಾವಲಿನವರ ಎದುರೇ, "ಲೋ ಗಾಲಿಬ್, ಆಕಾಶಾನೇ ನಿನ್ ಕೈಲಿದೆ, ನಿನ್ ಅಳಿಯನಿಗೆ ಒಂದು ಜಾಗ ಇಲ್ವೇನೋ? ಆವತ್ತು ನಿಂಗ್ಯಾರೋ ದಾರಿ ಮಾಡಿದ್ದು?" ಎಂದೆ. ನೀನೇ, ಒಪ್ಪುತ್ತೇನೆ. ಅರವತ್ತಮೂರರಲ್ಲಿ ಸೇನೆಯ ಆಸ್ಪತ್ರೆಯಲ್ಲಿ ನರ್ಸ್ ಕೆಲಸ ಕಲಿಯುತ್ತಿದ್ದ ನೀನು, ಕಣ್ಣಿನ ಪರೀಕ್ಷೆಯ ಫಲಕದಲ್ಲಿ ಅಕ್ಷರಗಳ ಬದಲಿದ್ದ ಉಂಗುರಗಳು ಕೊನೆಯ ಸಾಲಿನಲ್ಲಿ ಯಾವ ಯಾವ ಕಡೆ ಬಾಯಿ ತೆರೆದಿವೆ ಎಂದು ನೋಡಿ ಬಂದೆ. ಹಿಟ್ಟು ನಾದುತ್ತಾ ನನಗೆ ಬಾಯಿಪಾಠ ಮಾಡಿಸಿದೆ: "ಮೇಲೆ, ಬಲ, ಬಲ, ಕೆಳಗೆ, ಎಡ. ತಪ್ಪಿದ್ರೆ ರೊಟ್ಟಿ ಇಲ್ಲ ನೋಡು." ಎಡಗಣ್ಣಿಗೆ ಕಾಣದ್ದನ್ನು ನಾಲಿಗೆಯಿಂದ ಹೇಳಿ ಪಾಸಾದೆ. ಆಮೇಲೆ ಪ್ರತಿ ವರ್ಷವೂ ಅದೇ ಫಲಕ, ಅದೇ ಪಾಠ.

ನಿನಗೆ ಹೇಳದ ಒಂದು ಮಾತಿದೆ. ಎಪ್ಪತ್ತಾರರ ಅಭ್ಯಾಸ ಹಾರಾಟದಲ್ಲಿ ಗೆಳೆಯ ನಾಯಿಫ್ ನನ್ನ ಎಡಗಡೆ ಹಾರುತ್ತಿದ್ದ. ನಾನು ಅವನನ್ನು ಕಾಣದೆ ಎಡಕ್ಕೆ ಹೊರಳಿದೆ. ರೆಕ್ಕೆ ತಾಗಿತು. ನಾನು ಹೇಗೋ ನೆಲ ಮುಟ್ಟಿದೆ, ಅವನು ಸತ್ತ. ತನಿಖೆಯವರು ಬಿಸಿಲು ಕಣ್ಣಿಗೆ ಹೊಡೆದಿರಬೇಕು ಎಂದು ಬರೆದರು. ನಾನು ಬಾಯಿ ಬಿಡಲಿಲ್ಲ. ಅವನ ತಾಯಿ ನನ್ನ ತಲೆ ಸವರಿ, "ನೀನಾದ್ರೂ ಉಳಿದ್ಯಲ್ಲ ಮಗಾ" ಎಂದರು. ಇಪ್ಪತ್ತು ವರ್ಷದಿಂದ ಪ್ರತಿ ಈದ್‌ಗೂ ಖರ್ಜೂರ ತುಂಬಿದ ಬಿಸ್ಕತ್ತು ಮಾಡಿ ಕಳಿಸುತ್ತಾರೆ. ಒಂದನ್ನೂ ತಿನ್ನದೆ ಕಾವಲಿನವರಿಗೆ ಹಂಚಿಬಿಡುತ್ತೇನೆ. ಅದಕ್ಕೇ ಮುತಸಿಮ್‌ನನ್ನು ಪಾಸು ಮಾಡುವ ಕಾಗದಕ್ಕೆ ಸಹಿ ಹಾಕಲಾರೆ. ನೀನು ಜನ್ಮವಿಡೀ ಮುನಿಸಿಕೊಂಡರೂ ಸರಿ, ಹುಡುಗ ಬದುಕಿರಲಿ. ಅವನ ಪಕ್ಕದಲ್ಲಿ ಹಾರುವವನೂ ಬದುಕಿರಲಿ.

ಭಾವನಿಗೆ ನನ್ನ ಸಲಾಂ ಹೇಳು. ಮೊಣಕಾಲಿಗೆ ಬಿಸಿ ಎಣ್ಣೆ ಹಚ್ಚಿಕೋ, ಮರೆಯಬೇಡ. ದೇವರು ನಿನ್ನನ್ನು ಚೆನ್ನಾಗಿಟ್ಟಿರಲಿ.

ನಿನ್ನ ತಮ್ಮ,
ಗಾಲಿಬ್

ತಾ.ಕ.: ಟ್ಯಾಕ್ಸಿ ಬಾಗಿಲಲ್ಲಿ ನಿಂತಿದೆ, ಬೇಗ ಬರೆಯುತ್ತೇನೆ. ಮೇಲಿನದನ್ನು ಬರೆದು ಎರಡು ದಿನವಾಯಿತು; ಇವತ್ತು ಬೆಳಿಗ್ಗೆ ರಾಜೀನಾಮೆ ಕೊಟ್ಟೆ. ಕಣ್ಣಿನ ಮೋಸವನ್ನೂ ಬರೆದುಕೊಟ್ಟೆ. ಫಲಕವನ್ನು ನಾನೇ ಕದ್ದು ನೋಡಿದೆ ಎಂದಿದ್ದೇನೆ. ಯಾರು ಬಂದು ಕೇಳಿದರೂ ನಿನಗೆ ಏನೂ ಗೊತ್ತಿಲ್ಲ. ಈಗ ನಾಯಿಫ್‌ನ ತಾಯಿಯ ಮನೆಗೆ ಹೊರಟಿದ್ದೇನೆ. ಅವರು ಬಾಗಿಲು ಹಾಕಿಕೊಂಡರೆ ನಿನ್ನ ಮನೆಗೆ ಬರಲೇ?